ಮೋಟಾರಿನ ಹಲಗೆ ಮತ್ತು ಗಾಜು

ಕಳೆದ ಬೇಸಗೆಯ ರಜೆಯಲ್ಲಿ ಚಿಂತಾಮಣಿಯ ಒಂದು ಮೋಟಾರು ಷೆಡ್ಡಿನಲ್ಲಿ ನಾನು ಅರ್ಧ ದಿನ ಕುಳಿತಿದ್ದೆ. ಕನ್ನಡ ಪಂಡಿತನಿಗೆ ಅಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ನನ್ನ ಹಳೆಯ ಶಿಷ್ಯನೊಬ್ಬ ಕರೆದುಕೊಂಡು ಹೋಗಿದ್ದ. ಶಿಡ್ಲಘಟ್ಟದಲ್ಲಿ ರೇಷ್ಮೆಯ ವ್ಯಾಪಾರ ಮಾಡುತ್ತಿದ್ದ ಅವನ ತಾತ 1960ರಲ್ಲಿ ಕೊಂಡ ಅಂಬಾಸಡರ್ ಕಾರು ಅಲ್ಲಿ ನಿಂತಿತ್ತು. ಅದರ ಮುಂದಿನ ಗಾಜನ್ನು ಬಿಚ್ಚಿ, ಡ್ಯಾಷ್‌ಬೋರ್ಡನ್ನು ಬದಲಾಯಿಸುವ ಕೆಲಸ ಅಂದು ನಡೆಯಬೇಕಾಗಿತ್ತು. ಗೌರಿಬಿದನೂರಿನ ಗುಜರಿಯೊಂದರಲ್ಲಿ ಇತ್ತೀಚಿನ ಮಾದರಿಯ ಬೋರ್ಡು ಅವನಿಗೆ ಸಿಕ್ಕಿತ್ತು. “ಹಳೇದನ್ನು ಗುಜರಿಗೇ ಹಾಕಿಬಿಡಲೇ ಮೇಷ್ಟ್ರೇ?” ಎಂದು ಕೇಳಿದ. ಕೂಡಲೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಮೊದಲು ಆ ಹೆಸರನ್ನೇ ನೋಡೋಣ. ‘ಡ್ಯಾಷ್’ ಎಂಬ ಇಂಗ್ಲಿಷ್ ಮಾತಿಗೆ ರಭಸದಿಂದ ಬಂದು ಅಪ್ಪಳಿಸುವುದು, ಎರಚುವುದು ಎಂಬ ಅರ್ಥಗಳುಂಟು. ಪಶ್ಚಿಮ ದೇಶಗಳಲ್ಲಿ ಕುದುರೆಯ ಸಾರೋಟು ಓಡುವಾಗ ಗೊರಸಿನಿಂದ ಸಿಡಿದ ಕೆಸರು ಕುಳಿತವರ ಮೈಮೇಲೆ ಬೀಳದಂತೆ ಮುಂಗಡೆ ಒಂದು ಮರದ ಹಲಗೆಯನ್ನೋ ತೊಗಲಿನ ತಡಿಕೆಯನ್ನೋ ನಿಲ್ಲಿಸುತ್ತಿದ್ದರು. ಕೆಸರು ತಾಗುವ ಆ ಹಲಗೆಯೇ ಡ್ಯಾಷ್‌ಬೋರ್ಡು. ಮುಂದೆ ಕುದುರೆ ಹೋಯಿತು, ಎಂಜಿನ್ ಬಂತು. ಹಲಗೆ ಮಾತ್ರ ಉಳಿಯಿತು. 1901ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಹೊರತಂದ ಕಾರಿಗೆ ಮುಂದೆ ಬಾಗಿದ ಹಲಗೆಯಿದ್ದುದರಿಂದ ‘ಕರ್ವ್ಡ್ ಡ್ಯಾಷ್’ ಎಂದೇ ಹೆಸರಾಯಿತು. ಬರಬರುತ್ತ ಆ ಹಲಗೆ ವೇಗ, ಪೆಟ್ರೋಲು, ಎಣ್ಣೆಯ ಒತ್ತಡ ಇವನ್ನು ತೋರಿಸುವ ಮುಳ್ಳುಗಳಿಗೆ ಮನೆಯಾಯಿತು. ನಮ್ಮ ‘ಎಣ್ಣೆ’ ಎಂಬ ಪದವೂ ಹೀಗೆಯೇ. ಎಳ್ಳಿನ ನೆಯ್ ಎಂದು ಹುಟ್ಟಿದ ಮಾತು ಇಂದು ಎಳ್ಳಿಗೆ ಸಂಬಂಧವೇ ಇಲ್ಲದ ಎಂಜಿನ್ ಎಣ್ಣೆಗೂ ಸಲ್ಲುತ್ತದೆ.

ಇನ್ನು ಗಾಜಿನ ಕಥೆ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಗೆ ಗಾಜೇ ಇರಲಿಲ್ಲ. ಅಂದಿನ ವೇಗಕ್ಕೆ ಅದು ಬೇಕಾಗಿಯೂ ಇರಲಿಲ್ಲ. ವೇಗ ಹೆಚ್ಚಿದಂತೆ ಗಾಳಿ, ಧೂಳು, ಹುಳುಗಳ ಕಾಟ ಹೆಚ್ಚಿತು. ಆಗ ಸಾಮಾನ್ಯ ಹಲ್ಲೆಗಾಜನ್ನು ಚೌಕಟ್ಟಿನಲ್ಲಿ ಕೂರಿಸಿದರು. ಅಪಘಾತವಾದರೆ ಅದೇ ಗಾಜು ಕತ್ತಿಯಾಗುತ್ತಿತ್ತು. 1903ರಲ್ಲಿ ಫ್ರಾನ್ಸಿನ ರಸಾಯನಜ್ಞ ಎಡ್ವಾರ್ ಬೆನೆದಿಕ್ಟುಸ್ ಅವರ ಕೈಯಿಂದ ಗಾಜಿನ ಬುರುಡೆಯೊಂದು ಬಿದ್ದು ಒಡೆಯಿತು. ಆದರೆ ಚೂರುಗಳು ಚದುರಲಿಲ್ಲ. ಒಳಗಿದ್ದ ಸೆಲ್ಯುಲೋಸ್ ನೈಟ್ರೇಟ್ ಆರಿ ಪೊರೆಯಾಗಿ ಅಂಟಿಕೊಂಡಿದ್ದೇ ಕಾರಣ. ಎರಡು ಗಾಜುಗಳ ನಡುವೆ ಪೊರೆಯನ್ನಿಟ್ಟ ಸುರಕ್ಷಿತ ಗಾಜಿಗೆ ಅವರು 1909ರಲ್ಲಿ ಪೇಟೆಂಟ್ ಪಡೆದರು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗೆ ಬಳಕೆಯಾದ ಈ ಗಾಜು 1920ರ ದಶಕದ ಕೊನೆಗೆ ಕಾರುಗಳಲ್ಲಿ ಹರಡಿತು. ಬೇಡವೆಂದಾಗ ಗಾಜನ್ನು ಮಡಿಸುವ ಪದ್ಧತಿಯೂ ಉಳಿಯಿತು. ಎರಡನೆಯ ಮಹಾಯುದ್ಧದ ಜೀಪಿನಲ್ಲಿ ಮುಂದಿನ ಗಾಜು ಬಾನೆಟ್ಟಿನ ಮೇಲೆ ಮಲಗುತ್ತಿತ್ತು. ತಾಲ್ಲೂಕು ಕಚೇರಿಯ ಮುಂದೆ ಜೀಪು ಕಂಡು ಬೆಳೆದ ನನ್ನ ವಯಸ್ಸಿನವರಿಗೆ ಆ ಗಾಡಿಯ ಚಹರೆ ಚೆನ್ನಾಗಿ ಗೊತ್ತು.

ಮೋಟಾರು ನಮ್ಮ ನಾಡಿಗೆ ಹೊರಗಿನಿಂದ ಬಂದದ್ದು ನಿಜ. ಆದರೆ ಅದನ್ನು ಇಲ್ಲಿಯೇ ತಯಾರಿಸಬೇಕೆಂದು ಹಟ ತೊಟ್ಟವರಲ್ಲಿ ಮುಖ್ಯರಾದ ಸರ್ ಎಂ. ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ಕಂಡುಬಂದು ಮುಂಬಯಿಯಲ್ಲಿ ಕಾರು ತಯಾರಿಸುವ ಯೋಜನೆಯನ್ನು ಅವರು ಸಿದ್ಧಪಡಿಸಿದರು. ಅದು ಅಂದುಕೊಂಡಂತೆ ಕೂಡಲೆ ಕೈಗೂಡಲಿಲ್ಲ. 1942ರಲ್ಲಿ ಹಿಂದೂಸ್ಥಾನ್ ಮೋಟಾರ್ಸ್, 1944ರಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಸಂಸ್ಥೆ ಸ್ಥಾಪನೆಯಾದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನ ಮೇಲೆ ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ಅಂಬಾಸಡರ್ ತಯಾರಾಗತೊಡಗಿದ್ದು 1957ರಲ್ಲಿ, ನಿಂತದ್ದು 2014ರಲ್ಲಿ. ಈ ಅವಧಿಯಲ್ಲಿ ಅದರ ಮೈಕಟ್ಟು ಹೆಚ್ಚಾಗಿ ಬದಲಾಗಲಿಲ್ಲ. ಆದುದರಿಂದಲೇ ಒಂದರ ಅಂಗವನ್ನು ಇನ್ನೊಂದಕ್ಕೆ ಹೊಂದಿಸುವ ಆಸೆ ಸುಲಭವಾಗಿ ಹುಟ್ಟುತ್ತದೆ.

ಈಗ ಷೆಡ್ಡಿಗೆ ಮರಳೋಣ. ಗಾಜಿಗೂ ಬೋರ್ಡಿಗೂ ಏಕಕಾಲದಲ್ಲಿ ಏಕೆ ಚಿಕಿತ್ಸೆ? ಗಾಜಿನ ಸುತ್ತಲಿನ ರಬ್ಬರು ಮುದಿಯಾಗಿ ಬಿರುಕುಬಿಟ್ಟಿತ್ತು. ಮಳೆನೀರು ಜಿನುಗಿ ಬೋರ್ಡಿನ ಅಂಚು ತುಕ್ಕು ತಿಂದಿತ್ತು. ವೈರುಗಳ ಹೊದಿಕೆ ಪುಡಿಪುಡಿಯಾಗಿತ್ತು. ಹಾಗೆಯೇ ಬಿಟ್ಟರೆ ಬೆಂಕಿಯ ಭಯ. ಹಿರಿಯ ಮೆಕ್ಯಾನಿಕ್ ಮೊದಲು ಬ್ಯಾಟರಿಯ ತಂತಿಯನ್ನು ಕಳಚಿದರು. ವೈಪರಿನ ತೋಳುಗಳನ್ನು ತೆಗೆದು, ಗಟ್ಟಿಯಾದ ರಬ್ಬರಿನ ಹೊರತುಟಿಯನ್ನು ಚಾಕುವಿನಿಂದ ಕುಯ್ದರು. ಆಮೇಲೆ ಒಳಗೆ ಕುಳಿತು ಗಾಜಿನ ಮೇಲಿನ ಮೂಲೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತುತ್ತ ಬಂದರು. ಹೊರಗೆ ಇಬ್ಬರು ಕೈಯೊಡ್ಡಿ ನಿಂತಿದ್ದರು. ಬಲಾತ್ಕಾರ ಮಾಡಿದರೆ ಗಾಜು ಉಳಿಯದು. ಬೋರ್ಡನ್ನು ಬಿಚ್ಚುವಾಗ ಒಂದೊಂದು ವೈರಿಗೂ ಚೀಟಿ ಕಟ್ಟಿದರು. “ಬಿಚ್ಚೋದು ಎಲ್ಲರಿಗೂ ಬರತ್ತೆ ಮೇಷ್ಟ್ರೇ, ಯಾವುದು ಎಲ್ಲಿತ್ತು ಅಂತ ನೆನಪಿರಬೇಕು” ಎಂದರು ಅವರು.

ಗಾಜಿಲ್ಲದ ಕಾರನ್ನು ಬಣ್ಣದ ಷೆಡ್ಡಿಗೆ ಒಯ್ಯುವಾಗ ನಾನೂ ಕುಳಿತೆ. ಎರಡು ಬೀದಿ ದಾಟುವುದರೊಳಗೆ ಕಣ್ಣಿಗೆ ಧೂಳು ತುಂಬಿ, ಕನ್ನಡಕವಿದ್ದೂ ಕೈ ಅಡ್ಡ ಹಿಡಿಯಬೇಕಾಯಿತು. ಮೊದಲ ಕಾಲದ ಸವಾರರ ಪಾಡು ಅಂದು ತಿಳಿಯಿತು.

ಬೋರ್ಡಿನ ಮೀಟರು ಕೈಗೆ ಬಂದಾಗ ಶಿಷ್ಯ ಸುಮ್ಮನಾದ. ಅದರಲ್ಲಿ ಮೈಲಿಯ ಅಂಕೆಗಳಿದ್ದವು. ಹೊಸ ಬೋರ್ಡಿನದು ಕಿಲೋಮೀಟರು. 1956ರ ತೂಕ ಅಳತೆಗಳ ಕಾಯಿದೆ ನಮ್ಮಲ್ಲಿ ಮೆಟ್ರಿಕ್ ಪದ್ಧತಿಯನ್ನು ತಂದಿತಷ್ಟೆ. ಆದರೂ ಬಹುಕಾಲ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಮೂವತ್ತೈದು ಮೈಲಿಯೆಂದೇ ಹಿರಿಯರು ಹೇಳುತ್ತಿದ್ದರು. ತಾತ ರೇಷ್ಮೆಯ ವ್ಯಾಪಾರಕ್ಕಾಗಿ, ಮಕ್ಕಳ ಮದುವೆಗಳಿಗಾಗಿ ತಿರುಗಿದ ದಾರಿಯ ಲೆಕ್ಕವೆಲ್ಲ ಆ ಐದು ಅಂಕೆಗಳಲ್ಲಿತ್ತು. ಗುಜರಿಗೆ ಹೋಗಬೇಕಾಗಿದ್ದುದು ಅದೇ.

ಕಾನೂನು ಇಲ್ಲಿ ನೆರವಾಗುವುದೇ? 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿ ಮೂಲರೂಪದಲ್ಲಿರುವ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮೂರರಲ್ಲಿ ಡ್ಯಾಷ್‌ಬೋರ್ಡಿನ ಹೆಸರಿಲ್ಲ. ಅದನ್ನು ಉಳಿಸುವುದೋ ಎಸೆಯುವುದೋ ಮನೆಯವರ ವಿವೇಕಕ್ಕೆ ಬಿಟ್ಟದ್ದು.

ನನ್ನ ವಿದ್ಯೆಯಲ್ಲಿ ಇದಕ್ಕೊಂದು ದಾರಿಯುಂಟು. ಓಲೆಗರಿಯ ಗ್ರಂಥವನ್ನು ಅಚ್ಚಿಗೆ ಸಿದ್ಧಪಡಿಸುವವರು ಒಂದು ಪಾಠವನ್ನು ಮೂಲದಲ್ಲಿಟ್ಟು, ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಯಾವುದನ್ನೂ ಸದ್ದಿಲ್ಲದೆ ಅಳಿಸುವುದಿಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ನಾಲ್ಕೂ ತಾಲ್ಲೂಕುಗಳ ಕಲ್ಲುಗಳು ಊರು, ಸ್ಥಳ, ಸಂಖ್ಯೆಗಳ ಸಹಿತ ದಾಖಲಾಗಿವೆ. ಆಮೇಲೆ ಕಲ್ಲು ಸ್ಥಳ ಬಿಟ್ಟಿದ್ದರೂ ಅದು ಎಲ್ಲಿತ್ತೆಂಬುದು ನಮಗೆ ತಿಳಿಯುತ್ತದೆ.

ಇದನ್ನೇ ಶಿಷ್ಯನಿಗೆ ಹೇಳಿದೆ. ಜೀವ ಕಾಯುವ ಗಾಜು ಹೊಸದಾಗಲಿ. ಇಂದಿನ ನಿಯಮ ಕೇಳುವ ಪೊರೆಗಾಜೇ ಬರಲಿ. ವೈರುಗಳೂ ಹೊಸವಾಗಲಿ. ಬೋರ್ಡು ಬದಲಾದರೂ ಆಗಲಿ, ಆದರೆ ಹಳೆಯದು ಮನೆಯಲ್ಲೇ ಇರಲಿ. ಅವನು ಸ್ವಲ್ಪ ಹೊತ್ತು ಯೋಚಿಸಿ, ಮೀಟರಿನ ಅಂಕೆಗಳನ್ನೂ ದಿನಾಂಕವನ್ನೂ ಒಂದು ಹಾಳೆಯಲ್ಲಿ ಬರೆದ. ಕಾರಿನ ನೋಂದಣಿ ಪುಸ್ತಕದೊಡನೆ ಇಟ್ಟ. ಬೋರ್ಡಿಗೆ ಎಣ್ಣೆ ಸವರಿ, ತಾತನ ಹಳೆಯ ಪಂಚೆಯಲ್ಲಿ ಸುತ್ತಿ, ಶಿಡ್ಲಘಟ್ಟದ ಮನೆಯ ಅಟ್ಟಕ್ಕೆ ಏರಿಸಿದ್ದಾನೆ. ತುಕ್ಕು ತೆಗೆಸಿ ಅದನ್ನೇ ಮತ್ತೆ ಕೂರಿಸುವ ಯೋಚನೆಯೂ ಈಗ ಅವನಿಗಿದೆಯಂತೆ.