ಮದ್ಯವ್ಯಸನವೂ ಮಹಾಂತ ಜೋಳಿಗೆಯೂ

ಕಲ್ಯಾಣದ ಶರಣಸಮೂಹದಲ್ಲಿ ಹೆಂಡವನ್ನು ಮಾರುವ ಕಾಯಕದವನೊಬ್ಬನು ಇದ್ದನೆಂಬುದು ಕೆಲವರಿಗೆ ಈಗಲೂ ಆಶ್ಚರ್ಯವನ್ನುಂಟುಮಾಡುವುದು. ಆತನೇ ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನು. ಧರ್ಮೇಶ್ವರಲಿಂಗವೆಂಬುದು ಆತನ ವಚನಗಳ ಅಂಕಿತ. ತನ್ನ ಕಸುಬಿನ ಮಾತುಗಳಿಂದಲೇ ಆತನು ತತ್ತ್ವವನ್ನು ನಿರೂಪಿಸಿದನು. ಸುರೆಯನ್ನು ವರ್ಜಿಸಿದ ಶರಣರು ಸುರೆಯಂಗಡಿಯವನನ್ನು ವರ್ಜಿಸಲಿಲ್ಲ. ಅವನ ಹೆಸರಿನ ಮುಂದಿನ ಆ ಶಬ್ದವನ್ನು ಅಳಿಸಿಹಾಕಲೂ ಇಲ್ಲ.

ಆಂಗ್ಲರ ಆಳಿಕೆಯಲ್ಲಿ ಮದ್ಯವು ಬೊಕ್ಕಸದ ಬಾಬತ್ತಾಯಿತು. 1878ನೆಯ ಇಸವಿಯ ಮುಂಬಯಿ ಅಬಕಾರಿ ಕಾನೂನಿನಿಂದ ಮದ್ಯವನ್ನು ತಯಾರಿಸುವುದೂ ಮಾರುವುದೂ ಸರ್ಕಾರದ ಪರವಾನಗಿಗೆ ಒಳಪಟ್ಟವು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಈ ಕಾನೂನಿನ ಕೆಳಗೆ ಬಂದವು. ಪ್ರಜೆಯು ಕುಡಿದಷ್ಟೂ ಪ್ರಭುವಿಗೆ ಲಾಭವೆಂಬ ವಿಪರೀತಧರ್ಮವು ಹೀಗೆ ನೆಲೆಗೊಂಡಿತು. ಅಸಹಕಾರ ಚಳುವಳಿಯ ಕಾಲದಲ್ಲಿ, 1921ನೆಯ ಜುಲೈ 1ರಂದು, ಧಾರವಾಡದ ಜಕಣಿ ಬಾವಿಯ ಬಳಿಯ ಮದ್ಯದಂಗಡಿಯ ಮುಂದೆ ಧರಣಿ ನಡೆದಾಗ ಪೋಲೀಸರು ಗುಂಡು ಹಾರಿಸಿದರು. ಖಿಲಾಫತ್ ಚಳುವಳಿಯ ಮೂವರು ಮುಸಲ್ಮಾನರು ಪ್ರಾಣಾರ್ಪಣೆ ಮಾಡಿದರು. ಮಠಮಾನ್ಯಗಳಿಂದ ತುಂಬಿದ ಆ ನಗರದಲ್ಲಿ ಮದ್ಯದ ವಿರುದ್ಧ ರಕ್ತವನ್ನು ಚೆಲ್ಲಿದವರು ಅನ್ಯಧರ್ಮೀಯರೆಂಬುದನ್ನು ಮರೆಯುವುದು ಕೃತಘ್ನತೆಯೇ ಸರಿ. ಚಿತ್ರದುರ್ಗದ ಸೀಮೆಯ ತುರುವನೂರಿನಲ್ಲಿ 1939ರಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನೇ ಕಡಿದರು.

ಸ್ವಾತಂತ್ರ್ಯಾನಂತರ 1949ರ ಮುಂಬಯಿ ಕಾನೂನಿನಿಂದ ಪಾನನಿಷೇಧವು ಬಂದಿತು. 1967ರಲ್ಲಿ ಮೈಸೂರು ರಾಜ್ಯವು ನಿಷೇಧವನ್ನು ತೆಗೆದುಹಾಕಿತು. ಸಾರಾಯಿಯು ನಿಷಿದ್ಧವಾದುದು 2007ರಲ್ಲಿ. ಅದೂ ಜುಲೈ 1ರಂದೇ. ಆದರೆ ಸಾರಾಯಿಯ ಸ್ಥಾನವನ್ನು ಮುದ್ರೆಯೊತ್ತಿದ ಸೀಸೆಯು ಆಕ್ರಮಿಸಿತೇ ಹೊರತು ಅಬಕಾರಿಯ ಆದಾಯವು ಕುಗ್ಗಲಿಲ್ಲ. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು; ಕುಡಿಯುವವನ ಮನೆಯ ಬಾಗಿಲನ್ನು ತಟ್ಟುವುದು ಅದರ ಕೆಲಸವಲ್ಲ.

ಆ ಕೆಲಸವನ್ನು ಕೈಗೊಂಡವರು ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಶ್ರೀ ಡಾ. ಮಹಾಂತ ಶಿವಯೋಗಿಗಳವರು. 1975ನೆಯ ಇಸವಿಯಲ್ಲಿ ಅವರು ಜೋಳಿಗೆಯನ್ನು ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಜೋಳವನ್ನೋ ರೊಟ್ಟಿಯನ್ನೋ ನೀಡುವುದು ಈ ನಾಡಿನ ರೂಢಿ. ದಾಸೋಹವು ನಡೆಯುವುದೇ ಅದರಿಂದ. ಈ ಜೋಳಿಗೆಯಾದರೋ ಬೇಡಿದ್ದು ಧಾನ್ಯವನ್ನಲ್ಲ, ದುಶ್ಚಟಗಳನ್ನು. ಕುಡಿತ, ತಂಬಾಕು, ಜೂಜು ಮೊದಲಾದವುಗಳಲ್ಲಿ ಯಾವುದೇ ಇರಲಿ, ಅದನ್ನು ಜೋಳಿಗೆಗೆ ಹಾಕಿ ಪ್ರತಿಜ್ಞೆಯನ್ನು ಸ್ವೀಕರಿಸುವುದು ಇದರ ಕ್ರಮ. ಮದ್ಯಪಾನಿಯನ್ನು ಮಠಕ್ಕೆ ಕರೆಸಿ ಗದರಿಸುವುದು ಸುಲಭ. ಅವನಿದ್ದಲ್ಲಿಗೆ ಹೋಗಿ ಅವನೆದುರು ಬೇಡುವವನಾಗಿ ನಿಲ್ಲುವುದು ಪೀಠಾಧಿಪತಿಗೆ ಸುಲಭವಲ್ಲ. ಏನನ್ನೂ ಕೊಡಲಾರದವನೆಂದು ಊರವರಿಂದ ಹಳಿಸಿಕೊಂಡವನು ಇಲ್ಲಿ ದಾನಿಯಾಗುವನು. ಅವನಿಗೆ ಬಹುದಿನಗಳ ಮೇಲೆ ದೊರೆತ ಗೌರವವು ಅದೇ ಆಗಿರಬಹುದು. ಮಾರಯ್ಯನನ್ನು ಬರಮಾಡಿಕೊಂಡ ಶರಣಮಾರ್ಗವು ಇಲ್ಲಿ ಪುನಃ ಕಾಣಬರುವುದು. ಶಿವಯೋಗಿಗಳವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಘೋಷಿಸಿರುವುದು.

ಆದರೆ ಪ್ರತಿಜ್ಞೆಯ ಮಾರನೆಯ ರಾತ್ರಿಯ ವಿಚಾರವನ್ನು ಭಕ್ತರು ಲಘುವಾಗಿ ಎಣಿಸಕೂಡದು. ಬಹುವರ್ಷ ವಿಪರೀತವಾಗಿ ಕುಡಿದವನು ಒಮ್ಮೆಲೇ ಬಿಟ್ಟಾಗ ಕೈಕಾಲುಗಳ ನಡುಕ, ನಿದ್ರಾನಾಶ, ಭ್ರಮೆ, ಕೆಲವೊಮ್ಮೆ ಮೂರ್ಛೆಯ ಸೆಳವುಗಳೂ ಉಂಟಾಗುವುವು. ಚಿಕಿತ್ಸೆಯಿಲ್ಲದಿದ್ದಲ್ಲಿ ಪ್ರಾಣಾಪಾಯವೂ ಇರುವುದು. ಅದನ್ನು ಮನೋದೌರ್ಬಲ್ಯವೆಂದಾಗಲಿ ಪ್ರತಿಜ್ಞೆಯ ದೋಷವೆಂದಾಗಲಿ ತಿಳಿದವರು ರೋಗಿಯನ್ನು ಕಳೆದುಕೊಳ್ಳುವರು. ಅಂಥವನನ್ನು ಜೋಳಿಗೆಯ ಬಳಿಯಿಂದ ನೇರವಾಗಿ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ಮರಳಿ ಕುಡಿದು ಬಂದನಾದರೆ ಜೋಳಿಗೆಯನ್ನು ಪುನಃ ಅವನ ಮುಂದೆ ಹಿಡಿಯತಕ್ಕದ್ದು.