ಶೋಕಿ ಎಂಬ ಬೈಗುಳ

“ಶೋಕಿ ಮಾಡೋಕೆ ಬಂದೀಯೋ, ಓದೋಕೆ ಬಂದೀಯೋ?” ನ್ಯಾಮತಿ, ಹೊನ್ನಾಳಿ ಕಡೆಯ ಕಾಲೇಜುಗಳಲ್ಲಿ ಓದಿದವರಲ್ಲಿ ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಸಿಕೊಳ್ಳದ ಹುಡುಗ ಸಿಗುವುದು ಕಷ್ಟ. ಇದು ಉತ್ತರ ಬಯಸುವ ಪ್ರಶ್ನೆಯಲ್ಲ. “ಎರಡಕ್ಕೂ ಬಂದೀನಿ ಸಾರ್” ಅನ್ನುವುದೇ ಸತ್ಯವಾದರೂ ಹಾಗೆ ಹೇಳಿದವನ ಗತಿ ನೆಟ್ಟಗಿರುವುದಿಲ್ಲ. ಓದು ಮತ್ತು ಶೋಕಿ ಒಂದೇ ಮೈಮೇಲೆ ಇರಲಾರವು ಎಂದು ಯಾರು ತೀರ್ಮಾನಿಸಿದರೋ, ಆ ತೀರ್ಮಾನ ಮಾತ್ರ ಅಪ್ಪನ ಬಾಯಿಂದ ಮೇಷ್ಟರ ಬಾಯಿಗೆ, ಮೇಷ್ಟರ ಬಾಯಿಂದ ಬಸ್ ಸ್ಟ್ಯಾಂಡಿನ ಹಿರಿಯರ ಬಾಯಿಗೆ ದಾಟುತ್ತಲೇ ಇದೆ.

ಶೋಕಿ ಹುಟ್ಟುವಾಗ ಬೈಗುಳವಾಗಿರಲಿಲ್ಲ. ಅರಬಿಯ ‘ಶೌಕ್’ ಇದರ ತವರು. ಅಲ್ಲಿ ಅದಕ್ಕೆ ಹಂಬಲ, ತೀವ್ರವಾದ ಆಸೆ ಎಂಬ ಅರ್ಥ. ಪಾರಸಿ, ಉರ್ದು, ಹಿಂದಿಗೆ ಬಂದಾಗ ಅಭಿರುಚಿ, ಹವ್ಯಾಸ ಎಂದಾಯಿತು. ಇವತ್ತಿಗೂ ಹಿಂದಿಯಲ್ಲಿ “ನಿಮ್ಮ ಶೌಕ್ ಏನು?” ಎಂದು ಕೇಳಿದರೆ ಪುಸ್ತಕ ಓದುವುದು, ಅಂಚೆಚೀಟಿ ಕೂಡಿಡುವುದು ಎಂದು ಉತ್ತರಿಸಬಹುದು. ಕನ್ನಡದಲ್ಲಿ ಹಾಗೆ ಉತ್ತರಿಸಿದರೆ ನಗುತ್ತಾರೆ. ನಮ್ಮಲ್ಲಿ ಶೋಕಿ ಅಂದರೆ ಬಟ್ಟೆ, ಬೂಟು, ಕ್ರಾಪು, ಕನ್ನಡಕ, ಬೈಕು. ಮನಸ್ಸಿನ ಒಳಗಿದ್ದ ಹಂಬಲ ಕನ್ನಡದ ಗಡಿ ದಾಟುವಷ್ಟರಲ್ಲಿ ಮೈಮೇಲೆ ಬಂದು ಕೂತಿತ್ತು. ಮೈಮೇಲೆ ಬಂದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಬಿದ್ದದ್ದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ.

ಉಡುಪಿನ ವಿಷಯದಲ್ಲಿ ನಾವು ಪಾರಸಿ, ಅರಬಿಗಳಿಂದ ತಂದುಕೊಂಡ ಮಾತುಗಳಿಗೆ ಲೆಕ್ಕವಿಲ್ಲ. ಪೋಷಾಕು, ಜುಬ್ಬ, ಪೈಜಾಮ, ಶಾಲು, ಜೇಬು, ಕಿಸೆ, ಕೊನೆಗೆ ಹೊಲಿಯುವ ದರ್ಜಿಯೂ ಅಲ್ಲಿಂದಲೇ. ಇವುಗಳಲ್ಲಿ ರುಮಾಲಿನದು ನನಗೆ ಬಹಳ ಇಷ್ಟವಾದ ಕತೆ. ಪಾರಸಿಯಲ್ಲಿ ‘ರೂ’ ಅಂದರೆ ಮುಖ, ‘ಮಾಲ್’ ಅಂದರೆ ಒರೆಸುವಂಥದ್ದು. ಹಿಂದಿಯವರು ಇವತ್ತಿಗೂ ರುಮಾಲಿನಲ್ಲಿ ಮುಖ, ಮೂಗು ಒರೆಸಿಕೊಳ್ಳುತ್ತಾರೆ. ನಮ್ಮ ಗೌಡರು ಅದನ್ನೇ ತಲೆಗೆ ಸುತ್ತಿ ಮರ್ಯಾದೆಯ ಗುರುತು ಮಾಡಿಕೊಂಡರು. ಊರಾಚೆಯಿಂದ ಬಂದ ರುಮಾಲು ತಲೆಯ ಮೇಲೆ ಹತ್ತಿತು, ಅದೇ ದಾರಿಯಲ್ಲಿ ಬಂದ ಶೋಕಿ ಕಾಲ ಕೆಳಗೆ ಬಿತ್ತು. ಪದಗಳ ಹಣೆಬರಹವೂ ಯಾರ ಮೈಮೇಲೆ ಕೂತವು ಎನ್ನುವುದರ ಮೇಲೆ ನಿಂತಿರಬೇಕು.

ನ್ಯಾಮತಿಯನ್ನೇ ತೆಗೆದುಕೊಳ್ಳಿ. ಮಲೆನಾಡು ಮುಗಿದು ಬಯಲು ಶುರುವಾಗುವ ಊರು. ಮೊದಲು ಶಿವಮೊಗ್ಗ ಜಿಲ್ಲೆ, 1997ರಿಂದ ದಾವಣಗೆರೆ ಜಿಲ್ಲೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇತ್ತೀಚೆಗೆ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಮೆಕ್ಕೆಜೋಳದ ಹೊಲ. ಮದುವೆ ಜವಳಿ ತರಲು ಒಬ್ಬರು ದಾವಣಗೆರೆಗೆ ಹೋದರೆ ಇನ್ನೊಬ್ಬರು ಶಿವಮೊಗ್ಗಕ್ಕೆ. ಅಡಿಕೆಗೆ ರೇಟು ಬಂದ ವರ್ಷ ತೋಟದವರ ಮಗ ಬುಲೆಟ್ ಗಾಡಿ, ಕಂಪನಿ ಶರ್ಟು, ಕಪ್ಪು ಕನ್ನಡಕದಲ್ಲಿ ಬಂದು ಹೋಟೆಲ್ ಮುಂದೆ ಇಳಿದರೆ ಜನ “ಏನ್ ಗತ್ತಲೇ ಅವಂದು!” ಅನ್ನುತ್ತಾರೆ. ಜೋಳ ಮುರಿಯುವ ಕೂಲಿಯವರ ಮಗ ಅದೇ ಬಣ್ಣದ ಶರ್ಟು ಹಾಕಿ ಅದೇ ಹೋಟೆಲ್ ಮುಂದೆ ನಿಂತರೆ, “ಶೋಕಿ ನೋಡು ನನ್ಮಗಂದು.” ಶರ್ಟು ಒಂದೇ. ಹಿಂದಿರುವ ಎಕರೆ ಬೇರೆ.

ಇಲ್ಲಿಗೆ ನನ್ನ ಮಾತನ್ನು ಹೇಳಿಬಿಡುತ್ತೇನೆ. ಶೋಕಿ ಎಂಬ ಪದ ಬಟ್ಟೆಯನ್ನು ವರ್ಣಿಸುವುದಿಲ್ಲ, ತೊಟ್ಟವನ ಅಂತಸ್ತನ್ನು ಅಳೆಯುತ್ತದೆ. ಉಳ್ಳವನು ತೊಟ್ಟರೆ ಠೀವಿ. ಅಧಿಕಾರದವನು ತೊಟ್ಟರೆ ಗತ್ತು. ಮದುಮಗಳು ತೊಟ್ಟರೆ ಸಿಂಗಾರ, ದೇವರಿಗೆ ತೊಡಿಸಿದರೆ ಅಲಂಕಾರ. ನಗರದ ಇಂಗ್ಲಿಷ್ ಬಲ್ಲವರು ತೊಟ್ಟರೆ ‘ಟೇಸ್ಟು’. ಇವರ್ಯಾರೂ ಅಲ್ಲದವರು ತೊಟ್ಟಾಗ ನಮ್ಮ ಬಾಯಲ್ಲಿ ಉಳಿಯುವುದು ಶೋಕಿ ಒಂದೇ. ಗಂಡ ಸತ್ತ ಹೆಂಗಸು ಬಣ್ಣದ ಸೀರೆ ಉಟ್ಟು ಮುಡಿಗೆ ಹೂ ಇಟ್ಟಾಗ ನೆರೆಮನೆಯ ಜಗಲಿಯಿಂದ ಬರುವ “ಈಗೇನವಳಿಗೆ ಶೋಕಿ?” ಎಂಬ ಮಾತಿದೆಯಲ್ಲ, ಈ ಪದದ ಅತಿ ಕ್ರೂರ ಪ್ರಯೋಗ ಅದೇ.

ಗಾದೆಗಳೂ ಇದರ ಜೊತೆಗೇ ನಿಂತಿವೆ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂಬುದನ್ನು ಎಷ್ಟು ಖುಷಿಯಿಂದ ಹೇಳುತ್ತೇವೆ! ಹೊಟ್ಟೆ ತುಂಬಿದವನ ಜುಟ್ಟಿನ ಮಲ್ಲಿಗೆಯ ಮೇಲೆ ಒಂದು ಗಾದೆಯನ್ನೂ ನಾನು ಕೇಳಿಲ್ಲ. ಹಿಟ್ಟು ಇಲ್ಲದವನಿಗೆ ಮಲ್ಲಿಗೆಯಾದರೂ ಇರಲಿ ಎಂದು ಗಾದೆ ಕಟ್ಟಿದವರಿಗೆ ಅನ್ನಿಸಲಿಲ್ಲ. “ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಇನ್ನೊಂದಿದೆ. ಕೇಳಲು ಹಿತವಾದ ಬುದ್ಧಿಮಾತು. ಆದರೆ ಆ ಪರರು ಯಾರು ಎಂದು ಕೇಳಿದರೆ ಮಾತು ಅಷ್ಟು ಹಿತವಾಗಿ ಉಳಿಯುವುದಿಲ್ಲ.

ನ್ಯಾಮತಿ ತಾಲ್ಲೂಕಿನಲ್ಲೇ ಇರುವ ಸೂರಗೊಂಡನಕೊಪ್ಪಕ್ಕೆ ಬನ್ನಿ. ಬಂಜಾರರು, ಅಂದರೆ ನಮ್ಮ ಲಂಬಾಣಿಗಳು, ಭಾಯಾಗಡ್ ಎಂದು ಕರೆಯುವ ಸ್ಥಳ. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ನೆಲ ಇದೆಂದು ನಂಬಿ ಪ್ರತಿ ಫೆಬ್ರುವರಿಯಲ್ಲಿ ಕರ್ನಾಟಕದಿಂದ ಮಾತ್ರವಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಜನ ಬರುತ್ತಾರೆ. ಜಯಂತಿ ಫೆಬ್ರುವರಿ 15ಕ್ಕೆ. ಆಗ ಅಲ್ಲಿ ಕಾಣುವ ಉಡುಪನ್ನು ಹೆಸರಿಟ್ಟು ಹೇಳಬೇಕು: ನೆರಿಗೆ ತುಂಬಿದ ಲಂಗ ಫೇಟಿಯಾ, ಬೆನ್ನು ಬಿಟ್ಟ ಕುಪ್ಪಸ ಕಾಂಚಳಿ, ತಲೆಯ ಮೇಲಿನ ಹೊದಿಕೆ ಟೂಕ್ರಿ, ತೋಳಿನ ಉದ್ದಕ್ಕೂ ಏರುವ ಬಳೆ ಬಲಿಯಾ, ಕೆನ್ನೆಯ ಪಕ್ಕದ ಕೂದಲಿಗೆ ಜೋತುಬಿದ್ದು ಮದುವೆಯಾದವಳು ಎಂದು ಸಾರುವ ಬೆಳ್ಳಿಯ ಘೂಗ್ರಿ–ಟೋಪ್ಲಿ. ಕನ್ನಡಿ ಚೂರು, ಕವಡೆ, ಹಳೆಯ ನಾಣ್ಯ, ಎಲ್ಲವೂ ಹೊಲಿಗೆಯ ಒಳಗೆ. ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ಜನ ಮನೆ ಕಟ್ಟುವ ಬದಲು ಆಸ್ತಿಯನ್ನು ಮೈಮೇಲೆ ಹೊಲಿದುಕೊಂಡಿದ್ದರು. ರೈಲು ಬಂದು ಆ ವ್ಯಾಪಾರ ಮುರಿಯಿತು, ಬ್ರಿಟಿಷರ 1871ರ ಕಾಯ್ದೆ ಇಂಥ ಅಲೆಮಾರಿಗಳ ಎಷ್ಟೋ ಗುಂಪುಗಳ ಮೇಲೆ ಅಪರಾಧಿ ಎಂಬ ಹಣೆಪಟ್ಟಿ ಅಂಟಿಸಿತು. ದೂರದಿಂದಲೇ ಗುರುತು ಸಿಗುವ ಬಟ್ಟೆ ಅಂಥ ಕಾಲದಲ್ಲಿ ತೊಟ್ಟವರಿಗೆ ಕೇಡೂ ಆಗಬಲ್ಲದು.

ಪೇಟೆಯವರು ಈ ಉಡುಪಿಗೆ ಶೋಕಿ ಎನ್ನಲಿಲ್ಲ. ಅದಕ್ಕೆ ‘ಲಂಬಾಣಿ ವೇಷ’ ಎಂದರು. ವೇಷ ಎಂಬ ಮಾತಿನ ಕೊಂಕನ್ನು ಗಮನಿಸಿ. ಸಂಸ್ಕೃತದಲ್ಲಿ ಬರೀ ಉಡುಪು ಎಂದಿದ್ದ ಪದ ನಮ್ಮ ಆಡುಮಾತಿನಲ್ಲಿ ಹಗಲುವೇಷ, ಕಪಟವೇಷ, ಹುಲಿವೇಷ ಎಂದು ಬಣ್ಣ ಬಳಿದುಕೊಂಡ ಮೇಲೆ, ದಿನಾ ಉಡುವ ಬಟ್ಟೆಗೆ ಅದನ್ನು ಬಳಸುವುದೆಂದರೆ “ಇದು ನಿನ್ನ ನಿಜರೂಪವಲ್ಲ” ಎಂದು ಹೇಳಿದ ಹಾಗೆ. ಅಜ್ಜಿ ಫೇಟಿಯಾದಲ್ಲಿ ಬಸ್ಸು ಹತ್ತಿದರೆ ತಲೆಗಳು ತಿರುಗುತ್ತವೆ, ಪಕ್ಕದ ಸೀಟಿನವರು ಸ್ವಲ್ಪ ಸರಿಯುತ್ತಾರೆ. ಮಗಳು ಅದನ್ನು ನೋಡಿ ಬೆಳೆದು ಸೀರೆಗೆ ಬಂದಳು. ಮೊಮ್ಮಗಳು ಚೂಡಿದಾರ ತೊಟ್ಟು ಕಾಲೇಜಿಗೆ ಹೊರಟರೆ “ತಾಂಡಾದ ಹುಡುಗಿಗೆ ಶೋಕಿ ನೋಡಿ” ಎಂದು ಮೊದಲಿನ ಪದವೇ ಅವಳಿಗಾಗಿ ಕಾದಿತ್ತು. ಉಟ್ಟರೆ ವೇಷ, ಬಿಟ್ಟರೆ ಶೋಕಿ. ಇನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಪೇಟೆಯ ಮನೆಯ ಮಗು ಬಾಡಿಗೆಗೆ ತಂದ ಅದೇ ಕನ್ನಡಿ ಲಂಗ ತೊಟ್ಟು ಕುಣಿದರೆ ಬಹುಮಾನ ಕೊಡುತ್ತೇವೆ!

ಕಸೂತಿಗೆ ಈಗ ಬೆಲೆ ಬಂದಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಂತೋಷವೇ. ಆದರೆ ಬೆಂಗಳೂರಿನ ಬೂಟಿಕ್ಕಿನಲ್ಲಿ ಕನ್ನಡಿ ಹೊಲಿದ ಚೀಲ ಹೆಗಲಿಗೇರಿಸಿದವರು ‘ಎಥ್ನಿಕ್’, ಬಸ್ಸಿನ ಅಜ್ಜಿ ಈಗಲೂ ವೇಷವೇ. ಬಟ್ಟೆಗೆ ಸಿಕ್ಕ ಗೌರವ ತೊಟ್ಟವಳಿಗೆ ತಲುಪಲು ಇನ್ನೆಷ್ಟು ದಾಖಲೆ ಬೇಕೋ.

ಹಾಗೆಂದು ಹಳೆಯ ಉಡುಪನ್ನು ಬಿಟ್ಟವರೆಲ್ಲ ಸೋತವರು ಎಂದು ನಾನು ಮರುಗುವವನಲ್ಲ. 1927ರ ಡಿಸೆಂಬರಿನಲ್ಲಿ ಮಹಾಡ್ ಸಮ್ಮೇಳನದ ಹೊತ್ತಿಗೆ ಅಂಬೇಡ್ಕರ್ ದಲಿತ ಹೆಂಗಸರನ್ನು ಕುರಿತು ಮಾತಾಡಿದರು. ಜಾತಿಯನ್ನು ಸಾರುವ ಹಾಗೆ ಸೀರೆ ಉಡುವುದನ್ನು ಬಿಡಿ, ಕೈಕಾಲಿನ ಮಣಭಾರದ ಬೆಳ್ಳಿ ಕಡಗಗಳನ್ನು ತೆಗೆಯಿರಿ, ಶುಭ್ರವಾಗಿರಿ ಎಂಬುದು ಅವರ ಸಲಹೆ. ಹೆಂಗಸರು ಆಗಿಂದಾಗಲೇ ಸೀರೆ ಉಡುವ ರೀತಿ ಬದಲಿಸಿದರು. ಅಂಬೇಡ್ಕರ್ ಅವರೇ ಸೂಟು, ಟೈ, ಬೂಟುಗಳಲ್ಲಿ ಬದುಕಿದವರು, ನಮ್ಮ ಊರೂರಿನ ಸರ್ಕಲ್ಲುಗಳಲ್ಲಿ ಇವತ್ತು ನಿಂತಿರುವುದೂ ನೀಲಿ ಸೂಟಿನಲ್ಲೇ. ಆ ಸೂಟನ್ನು ಶೋಕಿ ಎನ್ನಬಲ್ಲವರಿಗೆ ಈ ದೇಶದ ಚರಿತ್ರೆ ಗೊತ್ತಿಲ್ಲ. ತಾಂಡಾದ ಮೊಮ್ಮಗಳ ಚೂಡಿದಾರವನ್ನೂ ನಾನು ಅದೇ ಸಾಲಿನಲ್ಲಿ ಇಡುತ್ತೇನೆ. ಜಾತ್ರೆಯ ದಿನ ಅವಳೇ ಪೆಟ್ಟಿಗೆಯಿಂದ ಅಜ್ಜಿಯ ಫೇಟಿಯಾ ತೆಗೆದು ಉಟ್ಟರೆ ಅದನ್ನೂ. ಯಾವುದನ್ನು ಯಾವಾಗ ಉಡಬೇಕು ಎನ್ನುವುದು ಅವಳ ಕೈಯಲ್ಲಿರಬೇಕು, ಅಷ್ಟೇ.

ಬಟ್ಟೆ ತೊಟ್ಟವನನ್ನೇ ಬದಲಿಸುತ್ತದೆ ಎನ್ನುವುದಕ್ಕೆ ನಮ್ಮ ಕಡೆ ಕಣ್ಣೆದುರಿನ ಸಾಕ್ಷಿ ಇದೆ: ಹಸಿರು ಟವೆಲ್ಲು. 1980ರಲ್ಲಿ ನರಗುಂದ, ನವಲಗುಂದದ ಬಂಡಾಯದ ಬೆನ್ನಿಗೆ ಹುಟ್ಟಿದ ರೈತ ಸಂಘಕ್ಕೆ ಶಿವಮೊಗ್ಗವೇ ತೊಟ್ಟಿಲು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದನ್ನು ಕಟ್ಟಿದರು. ಅದಕ್ಕೆ ಮುಂಚೆ ಕಚೇರಿಯ ಬಾಗಿಲಲ್ಲಿ ಹೆಗಲ ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿ ಬಗ್ಗಿ ನಿಲ್ಲುತ್ತಿದ್ದ ರೈತ, ಟವೆಲ್ಲಿಗೆ ಹಸಿರು ಬಣ್ಣ ಬಂದ ಮೇಲೆ ಅದನ್ನು ಹೆಗಲ ಮೇಲೇ ಉಳಿಸಿಕೊಂಡು ಕುರ್ಚಿ ಎಳೆದು ಕೂತ. ಅಧಿಕಾರಿಯ ದನಿಯೂ ಸ್ವಲ್ಪ ತಗ್ಗಿತು. ಒಂದು ಮೊಳ ಬಟ್ಟೆಗೆ ಅಷ್ಟು ಶಕ್ತಿ ಬಂದದ್ದು ಕಂಡು ರಾಜಕಾರಣಿಗಳು ಬಿಡುತ್ತಾರೆಯೇ? ನೆರೆಯ ಶಿಕಾರಿಪುರದ ಯಡಿಯೂರಪ್ಪನವರು 2018ರ ಮೇ 17ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದ್ದು ಹಸಿರು ಶಾಲು ಹೊದ್ದು, ದೇವರ ಜೊತೆ ರೈತರ ಹೆಸರೂ ಹೇಳಿ. ಆ ಸರ್ಕಾರ ಎರಡು ದಿನಕ್ಕೆ ಮುಗಿಯಿತು. ಶಾಲು ಮಾತ್ರ ಎಲ್ಲ ಪಕ್ಷಗಳ ವೇದಿಕೆಗಳಲ್ಲೂ ಓಡಾಡಿಕೊಂಡಿದೆ.

ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು, ಹಾಜೊ ಆ್ಯಡಮ್ ಮತ್ತು ಆ್ಯಡಮ್ ಗ್ಯಾಲಿನ್‌ಸ್ಕಿ, 2012ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಬಿಳಿ ಕೋಟನ್ನು ಕೆಲವರಿಗೆ ಡಾಕ್ಟರ ಕೋಟು ಎಂದು ತೊಡಿಸಿದರು, ಕೆಲವರಿಗೆ ಚಿತ್ರಕಾರರ ಕೋಟು ಎಂದು. ಡಾಕ್ಟರ ಕೋಟು ಎಂದು ನಂಬಿದವರು ಗಮನವಿಟ್ಟು ಮಾಡುವ ಕೆಲಸದಲ್ಲಿ ಮುಂದಿದ್ದರಂತೆ. 2019ರಲ್ಲಿ ಬೇರೆಯವರು ಆ ಪ್ರಯೋಗದ ಒಂದು ಭಾಗವನ್ನು ದೊಡ್ಡದಾಗಿ ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಹಾಗಾಗಿ ಅದನ್ನು ವೇದವಾಕ್ಯ ಮಾಡುವುದು ಬೇಡ. ಆದರೂ ಅವರು ಕೇಳಿದ ಪ್ರಶ್ನೆ ಚೆನ್ನಾಗಿದೆ: ಕೋಟು ಅದೇ, ಬದಲಾದದ್ದು ಅದಕ್ಕಿಟ್ಟ ಹೆಸರು. ಹದಿನೇಳರ ಹುಡುಗನೊಬ್ಬ ಹೊಸ ಶರ್ಟು ತೊಟ್ಟು ಹೊರಬಂದಾಗ ನಾವು ಅದಕ್ಕೆ ಯಾವ ಹೆಸರಿಡುತ್ತೇವೆ ಎನ್ನುವುದು ಅಷ್ಟು ಹಗುರವಾದ ಸಂಗತಿಯಲ್ಲ.

ಹುಡುಗರ ಶೋಕಿಗೆ ಸಿನಿಮಾ ಕಾರಣ ಎಂಬ ದೂರು ‘ಪ್ರೇಮಲೋಕ’ದ ಕಾಲದಿಂದಲೂ ಇದೆ, ಅದಕ್ಕೂ ಹಿಂದೆ ಬೆಲ್ ಬಾಟಮ್ ಮೇಲೂ ಇತ್ತು. ಕೆಜಿಎಫ್ ಬಂದ ಮೇಲೆ ಗಡ್ಡದ ಸರದಿ. ಸುದೀಪ್ ಅವರ ‘ಹೆಬ್ಬುಲಿ’ಯ ತಲೆಗೂದಲಿನದು ಇನ್ನೂ ತಮಾಷೆ. ಮಕ್ಕಳಿಗೆ ಆ ಕಟಿಂಗ್ ಮಾಡಬೇಡಿ ಎಂದು ಉತ್ತರ ಕರ್ನಾಟಕದ ಶಾಲೆಯೊಂದರ ಮುಖ್ಯೋಪಾಧ್ಯಾಯರು ಕ್ಷೌರದ ಅಂಗಡಿಯವರಿಗೆ ಕಾಗದವನ್ನೇ ಬರೆದರು. ಆಮೇಲೆ ‘ಹೆಬ್ಬುಲಿ ಕಟ್’ ಎಂಬ ಹೆಸರಿನಲ್ಲೇ, ಆ ಕಟಿಂಗಿಗೆ ಆಸೆಪಟ್ಟ ಬಡ ಹುಡುಗನೊಬ್ಬನ ಸಿನಿಮಾ ಬಂತು. ಕತ್ತರಿ ಯಾರ ತಲೆಗೆ ತಾಗಬಹುದು, ಯಾರದಕ್ಕೆ ಇಲ್ಲ ಎನ್ನುವಲ್ಲಿಗೆ ಆ ಕತೆ ಹೋಗುತ್ತದೆ. ಕಾಗದ ಬರೆದ ಮೇಷ್ಟರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಸಾಲ ಮಾಡಿ ಮೊಬೈಲು, ಕಂತಿನ ಮೇಲೆ ಬೈಕು ಎಂದು ಹೊರಟ ಮಕ್ಕಳಿಂದ ಸುಸ್ತಾದ ಅಪ್ಪಂದಿರನ್ನೂ ನೋಡಿದ್ದೇನೆ. ಮಗನ ಶೋಕಿ, ಅಪ್ಪನಿಗೆ ಶೋಕ ಎಂದು ಅವರು ಹೇಳುವಾಗ ಅದು ಬರೀ ಪದದಾಟವಲ್ಲ. ಆದರೆ ಅಲ್ಲಿ ತಪ್ಪು ಸಾಲದ್ದು. ಚೆನ್ನಾಗಿ ಕಾಣಬೇಕೆಂಬ ಆಸೆಯನ್ನು ಅದರ ಜೊತೆ ಕಟ್ಟಿ ಬಡಿಯುವುದೇಕೆ?

ಈ ಪದ ಎಲ್ಲ ಕಡೆಯೂ ನಮ್ಮಲ್ಲಿಯ ಹಾಗೆ ಕೆಟ್ಟಿಲ್ಲ. ಮದರಾಸಿನ ಬೀದಿ ತಮಿಳಿನಲ್ಲಿ ‘ಶೋಕ್ಕಾ’ ಇದೆ ಎಂದರೆ ಸೊಗಸಾಗಿದೆ ಎಂದರ್ಥ. ನಮ್ಮದೇ ಕರಾವಳಿಯಲ್ಲಿ ತುಳುವರು “ಭಾರೀ ಶೋಕುಂಡು” ಎನ್ನುವುದು ಮನಸಾರೆ ಮೆಚ್ಚಿದಾಗ. ಮಗುವಿನ ಅಂಗಿಗೂ ಅದೇ ಮಾತು, ಮಳೆ ಬಂದ ಗದ್ದೆಗೂ ಅದೇ. ಘಟ್ಟದ ಮೇಲಿನ ಓದುಗರಲ್ಲಿ ನನ್ನದೊಂದು ಕೋರಿಕೆ: ಈ ಸಲ ಹೊಸ ಬಟ್ಟೆ ತೊಟ್ಟು ಎದುರಿಗೆ ಬಂದ ಹಾಸ್ಟೆಲ್ ಹುಡುಗನಿಗೆ, ಫೇಟಿಯಾ ಉಟ್ಟು ಬಸ್ಸು ಹತ್ತಿದ ತಾಂಡಾದ ಅಜ್ಜಿಗೆ ಈ ಪದವನ್ನು ತುಳುವರ ಅರ್ಥದಲ್ಲಿ ಒಮ್ಮೆ ಬಳಸಿ.