ಹಿತ್ತಲಿನ ಹಸುವೂ ಊರಿನ ಗೋಮಾಳವೂ

ಕಡೂರು ತಾಲ್ಲೂಕಿನ ಯಗಟಿ ಸೀಮೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಹಸುವಿಲ್ಲದ ಮನೆಯನ್ನು ಹುಡುಕಬೇಕಾಗಿತ್ತು. ಹೊಲವಿಲ್ಲದವರ ಹಿತ್ತಲಿನಲ್ಲಿಯೂ ಒಂದು ನಾಟಿ ಹಸು, ಜೊತೆಗೊಂದು ಕರು ಇರುತ್ತಿದ್ದವು. ಎರಡು ಮೂರು ಗುಂಟೆಯ ಹಿತ್ತಲಿನಲ್ಲಿ ನುಗ್ಗೆಮರ, ಬಾಳೆ, ತಿಪ್ಪೆಗಳ ನಡುವೆ ಹಸುವಿನ ಹೊಟ್ಟೆ ಹೇಗೆ ತುಂಬುತ್ತಿತ್ತು ಎಂಬ ಪ್ರಶ್ನೆ ಇಂದಿನವರಿಗೆ ಸಹಜವಾಗಿಯೇ ಏಳುತ್ತದೆ.

ಲೆಕ್ಕ ಸರಳವಾದುದು. 250 ಕಿಲೋ ತೂಗುವ ಹಸುವಿಗೆ ದಿನವೊಂದಕ್ಕೆ ಸುಮಾರು 6 ಕಿಲೋ ಒಣಮೇವಿನಷ್ಟು ಆಹಾರ ಬೇಕು. ವರ್ಷಕ್ಕೆ ಅದು 2 ಟನ್ನಿಗೂ ಮೀರುತ್ತದೆ. ಮಳೆಯನ್ನೇ ನಂಬಿದ ಈ ಬಯಲುಸೀಮೆಯಲ್ಲಿ ಹಿತ್ತಲೊಂದೇ ಅಷ್ಟನ್ನು ಕೊಡಲಾರದು. ಸುಗ್ಗಿಯಲ್ಲಿ ಒಟ್ಟಿದ ರಾಗಿಹುಲ್ಲಿನ ಬಣವೆ, ಅಡುಗೆಮನೆಯ ಕಲಗಚ್ಚು, ಒಂದಿಷ್ಟು ಹಿಂಡಿ ಇವುಗಳಿಂದ ಅರೆಹೊಟ್ಟೆ ತುಂಬುತ್ತಿತ್ತು. ಉಳಿದ ಅರ್ಧವನ್ನು ತುಂಬುತ್ತಿದ್ದುದು ಗೋಮಾಳ.

ಬೆಳಿಗ್ಗೆ ಹಾಲು ಕರೆದ ಮೇಲೆ ದನಗಳು ಊರಮುಂದೆ ಸೇರುತ್ತಿದ್ದವು. ದನ ಕಾಯುವವನು ಮಂದೆಯನ್ನು ಗೋಮಾಳಕ್ಕೆ ಹೊಡೆದುಕೊಂಡು ಹೋಗುತ್ತಿದ್ದನು. ಸುಗ್ಗಿಯಲ್ಲಿ ಮನೆಮನೆಯಿಂದ ಅವನಿಗೆ ರಾಗಿ ಸಲ್ಲುತ್ತಿತ್ತು. ಹಸು ಮನೆಯದಾದರೂ ಹುಲ್ಲು ಊರಿನದಾಗಿತ್ತು. ಒಂದೆರಡು ಸೇರು ಹಾಲು ಕೊಡುವ ಹಸುವನ್ನು ಬಡವನೂ ಸಾಕಬಲ್ಲವನಾಗಿದ್ದುದು ಈ ಏರ್ಪಾಡಿನಿಂದಲೇ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ಜಾನುವಾರುಗಳಿಗೆ ಕನಿಷ್ಠ 30 ಎಕರೆ ಗೋಮಾಳವಿರಬೇಕೆಂದು ಹೇಳಿದವು. ಅಂದರೆ ತಲೆಗೆ 12 ಗುಂಟೆ.

ನಮ್ಮ ಸೀಮೆಯಲ್ಲಿ ಗೋಮಾಳವಲ್ಲದೆ ಇನ್ನೊಂದು ಹುಲ್ಲುಗಾವಲೂ ಇತ್ತು. ಅದು ಸರ್ಕಾರದ ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಹೆಸರು ಹಾಲಿನದಾದರೂ ಕೀರ್ತಿ ಎತ್ತುಗಳದು. ಹೈದರಾಲಿಯ ಸೈನ್ಯವು ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಆಂಗ್ಲರು 1860ರಲ್ಲಿ ಉಳಿತಾಯದ ನೆಪದಲ್ಲಿ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿದರು. ಒಳ್ಳೆಯ ಎತ್ತುಗಳ ಕೊರತೆ ಕಂಡು 1866ರಲ್ಲಿ ಮತ್ತೆ ತೆರೆಯಬೇಕಾಯಿತು. ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನಾ ಕೇಂದ್ರವು ಇಂದಿಗೂ ಇದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಯಿತು. ರಾಜನು ದನಕ್ಕೆಂದು ಬಿಟ್ಟ ಹುಲ್ಲು ಜಿಂಕೆಯನ್ನೂ ಉಳಿಸಿತು.

ಕಾವಲಿಗೆ ಕಾವಲುಗಾರನಿದ್ದನು. ಗೋಮಾಳಕ್ಕೆ ಯಾರೂ ಇರಲಿಲ್ಲ. ಜನಸಂಖ್ಯೆ ಬೆಳೆದಂತೆ ಅದು ಸಾಗುವಳಿಯಾಯಿತು, ನಿವೇಶನವಾಯಿತು. ಭೂಮಿಯಿಲ್ಲದವರು ಉತ್ತ ತುಂಡುಗಳು ಮುಂದೆ ಬಗರ್ ಹುಕುಂ ಅಡಿಯಲ್ಲಿ ಸಕ್ರಮವೂ ಆದವು. ಬಡವನಿಗೆ ಭೂಮಿ ಸಿಕ್ಕಿದ್ದನ್ನು ತಪ್ಪೆನ್ನಲಾಗದು. ಆದರೆ ಅದೇ ಊರಿನ ಮತ್ತೊಬ್ಬ ಬಡವನ ಹಸು ಮೇವು ಕಳೆದುಕೊಂಡಿತೆಂಬುದನ್ನೂ ಮರೆಯಬಾರದು.

1970ರ ದಶಕದಿಂದ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದವು. ಮಿಶ್ರತಳಿಯ ಹಸುಗಳು ಬಂದವು. ಹಾಸನ ಹಾಲು ಒಕ್ಕೂಟವು ಚಿಕ್ಕಮಗಳೂರು ಜಿಲ್ಲೆಯ ಹಾಲನ್ನೂ ಕೊಳ್ಳುತ್ತದೆ. ಎಷ್ಟೋ ಹೆಣ್ಣುಮಕ್ಕಳ ಕೈಗೆ ಅದರಿಂದ ಕಾಸು ಬಂದಿದೆ. ಇದು ಸಣ್ಣ ಲಾಭವಲ್ಲ. ಆದರೆ ಮಿಶ್ರತಳಿಯ ಹಸು ಕಟ್ಟಿದಲ್ಲಿಯೇ ಮೇಯಬೇಕು. ಕೊಳವೆಬಾವಿಯ ನೀರಿದ್ದವರು ನೇಪಿಯರ್ ಹುಲ್ಲು ಬೆಳೆದಾರು. ನೀರಿಲ್ಲದವರು ಹಿಂಡಿ, ಬೂಸಾ, ಹುಲ್ಲು ಎಲ್ಲವನ್ನೂ ಕೊಳ್ಳಬೇಕು. ಮೊದಲು ಕೈಬಿಟ್ಟವರು ಅವರೇ.

ಹಿತ್ತಲಿನ ಹಸು ಮಾಯವಾದುದಕ್ಕೆ ಜನರ ಸೋಮಾರಿತನವೇ ಕಾರಣವೆಂದು ಹಿರಿಯರು ದೂರುವುದುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ. ಹಸುವಿಗೆ ಮೊದಲೇ ಹುಲ್ಲು ಹೋಗಿತ್ತು. ಉಳಿದಿರುವ ಗೋಮಾಳದ ಸರ್ವೆ ನಂಬರುಗಳನ್ನು ಪ್ರತಿ ಗ್ರಾಮಸಭೆಯೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಲಿ. ಯಾವುದು ಊರಿನದೆಂದು ಮಕ್ಕಳಿಗಾದರೂ ತಿಳಿದಿರಲಿ.